ಎಳೆಯರ ಆಟ, ಹಿರಿಯರ ನಿಯಮ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಕನ್ನಡದಲ್ಲಿ ‘ಆಡು’ ಎಂಬ ಕ್ರಿಯಾಪದಕ್ಕೆ ಎರಡು ಮುಖ್ಯವಾದ ಅರ್ಥಗಳುಂಟು. ನಾವು ಮಾತನ್ನೂ ಆಡುತ್ತೇವೆ, ಆಟವನ್ನೂ ಆಡುತ್ತೇವೆ. ಒಂದೇ ಪದ ಈ ಎರಡು ಕೆಲಸಗಳಿಗೂ ಒದಗಿ ಬಂದದ್ದು ಆಕಸ್ಮಿಕವಿರಬಹುದು. ಆದರೆ ಎರಡಕ್ಕೂ ಸಮಾನವಾದ ಒಂದು ಧರ್ಮವಿದೆ. ಆಡಿದ ಮಾತಿಗೆ ತಪ್ಪಬಾರದು. ಆಟದ ನಿಯಮಕ್ಕೂ ತಪ್ಪಬಾರದು. ಆಟ ಮೊದಲಾದ ಮೇಲೆ ನೆಲದ ಮೇಲಿನ ಗೆರೆಯನ್ನು ಅತ್ತಿತ್ತ ಸರಿಸುವವನನ್ನು ಹಳ್ಳಿಯ ಎಂಟು ವರ್ಷದ ಹುಡುಗ ಕೂಡ ಒಪ್ಪುವುದಿಲ್ಲ. ಗೆರೆ ಎಲ್ಲಿದೆಯೆಂದು ಆಟಕ್ಕೆ ಮುಂಚೆಯೇ ಎಲ್ಲರಿಗೂ ತಿಳಿದಿರಬೇಕು, ಅದು ಎಲ್ಲರಿಗೂ ಒಂದೇ ಆಗಿರಬೇಕು, ಅದನ್ನು ಮೀರದಿರುವುದು ಆಡುವವನ ಕೈಯಲ್ಲಿರಬೇಕು. ಈ ಮೂರು ಲಕ್ಷಣಗಳಿದ್ದರೆ ಅದು ನಿಯಮ; ಇಲ್ಲದಿದ್ದರೆ ಅದು ಬರಿಯ ಅಪ್ಪಣೆ.

ಕೋವಿಡ್ ಸಾಂಕ್ರಾಮಿಕದ ವರ್ಷಗಳಲ್ಲಿ ಎಳೆಯರ ಆಟೋಟಗಳ ಮೇಲೆ ನಾವು ಹಿರಿಯರು ವಿಧಿಸಿದ ಪರೀಕ್ಷೆಯ ಮತ್ತು ಲಸಿಕೆಯ ಕಟ್ಟಳೆಗಳು ಈ ಒರೆಗಲ್ಲಿಗೆ ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದು ಇಂದಿನ ನನ್ನ ವಿಷಯ. ಆ ಕಟ್ಟಳೆಗಳು ಇಂದು ಜಾರಿಯಲ್ಲಿಲ್ಲ. ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ಮೇ ೫ರಂದೇ ಸಾರಿತು. ಹಾಗಿದ್ದ ಮೇಲೆ ಈಗೇಕೆ ಆ ಮಾತು ಎಂದು ಕೇಳುವವರಿರಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದನ್ನು ನಮ್ಮ ಹಿರಿಯರು ಹಳಿದಿದ್ದಾರೆ. ಬಾವಿ ತೋಡಬೇಕಾದದ್ದು ಬೆಂಕಿ ಆರಿದ ಇಂಥ ದಿನಗಳಲ್ಲಿಯೇ.

ರೋಗಕ್ಕೂ ಅಪ್ಪಣೆಗೂ ನಮ್ಮ ಸೀಮೆಯಲ್ಲಿ ಬಹಳ ಹಳೆಯ ಸಂಬಂಧವಿದೆ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ಹಾದಿ ಹಿಡಿದು ನಮ್ಮ ಕಡೆಗೆ ಬಂದಿತು. ೧೮೯೭ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿತು. ನೂರ ಇಪ್ಪತ್ಮೂರು ವರ್ಷಗಳ ಬಳಿಕ, ೨೦೨೦ರಲ್ಲಿ, ಸರಕಾರಗಳು ಕೈಗೆತ್ತಿಕೊಂಡದ್ದು ಅದೇ ಕಾಯಿದೆಯನ್ನು. ಆ ೧೮೯೭ರ ಜನವರಿಯಲ್ಲಿಯೇ ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ. ಮರುವರ್ಷ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಎಂಬವರ ಮೇಲ್ವಿಚಾರಣೆಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನ ಆ ಲಸಿಕೆ ಹಾಕಿಸಿಕೊಂಡರು. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಕೊಟ್ಟು, ಪ್ಲೇಗಿನ ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡುವ ಪದ್ಧತಿ ಆಗಲೇ ಇತ್ತು. ಕೈಯಲ್ಲೊಂದು ಕಾಗದವಿದ್ದವನಿಗೆ ಬಾಗಿಲು ತೆರೆಯುವ, ಇಲ್ಲದವನಿಗೆ ಮುಚ್ಚುವ ಏರ್ಪಾಡನ್ನು ಹೀಗೆ ನಮ್ಮ ಮುತ್ತಜ್ಜಂದಿರೇ ಕಂಡಿದ್ದರು.

‘ಲಸಿಕೆ’ ಎಂಬ ಮಾತಿಗೂ ಒಂದು ಕಥೆಯುಂಟು. ಸಂಸ್ಕೃತದ ‘ಲಸೀಕಾ’ ಎಂದರೆ ಮೈಯೊಳಗಿನ ತಿಳಿಯಾದ ರಸ. ಕರುವಿನ ಮೈಮೇಲೆ ಬೆಳೆಸಿದ ಗುಳ್ಳೆಯ ರಸದಿಂದ ಸಿಡುಬಿನ ಮದ್ದು ಮಾಡುತ್ತಿದ್ದ ಕಾಲಕ್ಕೆ ಅದು ಎಷ್ಟು ಒಪ್ಪುವ ಹೆಸರು ನೋಡಿ! ಅಂಥ ಮದ್ದನ್ನು ತಯಾರಿಸುತ್ತಿದ್ದ ಸಂಸ್ಥೆಯೊಂದು ಬೆಳಗಾವಿಯ ಟಿಳಕವಾಡಿಯಲ್ಲಿಯೇ ಇತ್ತು. ಊರವರ ಬಾಯಲ್ಲಿ ಅದು ಇಂದಿಗೂ ವ್ಯಾಕ್ಸಿನ್ ಡಿಪೋ. ಸಿಡುಬು ಲೋಕದಿಂದ ತೊಲಗಿತೆಂದು ೧೯೮೦ರಲ್ಲಿ ಘೋಷಣೆಯಾಯಿತು. ಡಿಪೋದ ಆ ಕೆಲಸವೂ ನಿಂತಿತು. ಅದರ ವಿಶಾಲವಾದ ಮೈದಾನ ಮಾತ್ರ ಉಳಿಯಿತು. ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಮುದುಕರು ವಾಯುವಿಹಾರ ಮಾಡುತ್ತಾರೆ. ಲಸಿಕೆ ಗೆದ್ದ ನೆಲದ ಮೇಲೆ ಈಗ ಎಳೆಯರ ಆಟ ನಡೆದಿದೆ. ಲಸಿಕೆಯೂ ಆಟವೂ ಒಂದಕ್ಕೊಂದು ಎದುರಾಳಿಗಳಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಾನು ತುಕ್ಕಾನಟ್ಟಿಯವನು. ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಊರು. ಕೃಷಿ ವಿಜ್ಞಾನ ಕೇಂದ್ರದಿಂದಾಗಿ ಸುತ್ತಲಿನ ರೈತರಿಗೆಲ್ಲ ಪರಿಚಿತವಾದ ಊರು. ನಾನು ಅಲ್ಲಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಗ ಸಿಡುಬಿನ ಹೆದರಿಕೆ ಇನ್ನೂ ಹೋಗಿರಲಿಲ್ಲ. ನಮ್ಮ ಕಡೆ ಅದಕ್ಕೆ ‘ದೇವಿ’ ಎಂದೇ ಹೆಸರು. ದೇವಿ ಹಾಕುವವರು ಸಣ್ಣದೊಂದು ಪೆಟ್ಟಿಗೆ ಹಿಡಿದು ಶಾಲೆಗೇ ಬರುತ್ತಿದ್ದರು. ಗುರುಗಳು ಹಾಜರಿ ಪುಸ್ತಕ ನೋಡಿ ಹೆಸರು ಕೂಗುತ್ತಿದ್ದರು, ನಾವು ಅಂಗಿಯ ತೋಳು ಮಡಿಚಿ ಸಾಲಾಗಿ ನಿಲ್ಲುತ್ತಿದ್ದೆವು. ಆ ಎರಡು ಕಲೆಗಳು ನನ್ನ ತೋಳಿನ ಮೇಲೆ ಇನ್ನೂ ಇವೆ. ದೇವಿ ಹಾಕಿಸಿಕೊಂಡವನಿಗೆ ಮಾತ್ರ ಹುತುತು, ಹಾಕಿಸಿಕೊಳ್ಳದವನು ಮೈದಾನದ ಆಚೆಗೆ ಎಂದು ಯಾರೂ ನಮಗೆ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಏಕೆಂದರೆ ಲಸಿಕೆಯೇ ಮಗುವನ್ನು ಹುಡುಕಿಕೊಂಡು ಬಂದಿತ್ತು; ಮಗು ಲಸಿಕೆಯನ್ನು ಹುಡುಕಿಕೊಂಡು ಅಲೆಯಬೇಕಾಗಿರಲಿಲ್ಲ. ಮುಂದೆ ಹೇಳಲಿರುವ ಮಾತಿಗೆ ಈ ಭೇದವೇ ತಳಹದಿ.

೨೦೨೦ರ ಮಾರ್ಚ್‌ನಲ್ಲಿ ಏನಾಯಿತೆಂಬುದು ತಮಗೆಲ್ಲ ನೆನಪಿದೆ. ಈ ರೋಗದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಶಾಲೆಗಳು ಮುಚ್ಚಿದವು, ಮಾರ್ಚ್ ೨೫ರಿಂದ ಇಡೀ ದೇಶಕ್ಕೇ ಬೀಗ ಬಿದ್ದಿತು. ಮೇ ತಿಂಗಳ ಕೊನೆಯ ಹೊತ್ತಿಗೆ ಪ್ರೇಕ್ಷಕರಿಲ್ಲದೆ ಕ್ರೀಡಾಂಗಣಗಳನ್ನು ತೆರೆಯಲು ಅನುಮತಿ ದೊರೆಯಿತು. ಆದರೆ ಅದು ಮುಖ್ಯವಾಗಿ ತರಬೇತಿಯ ಕೇಂದ್ರಗಳಿಗೆ ಒದಗಿದ ಸೌಲಭ್ಯ. ಮೈಗೆ ಮೈ ತಾಗಿಸಿ ಆಡುವ ಕುಸ್ತಿ, ಕಬಡ್ಡಿಗಳಿಗೆ ಆ ಸೌಲಭ್ಯ ಬಹುಕಾಲ ಒದಗಲಿಲ್ಲ. ನಮ್ಮ ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಇರುವ ಆಟಗಳಾದರೂ ಯಾವುವು? ಗರಡಿಮನೆಯ ಕೆಮ್ಮಣ್ಣು, ಕಬಡ್ಡಿಯ ಅಂಕಣ, ಖೋ ಖೋದ ಕಂಬ, ಇಷ್ಟೇ. ಒಬ್ಬನೇ ಓಡಬಹುದು, ಒಬ್ಬನೇ ದಂಡ ಹೊಡೆಯಬಹುದು. ಒಬ್ಬನೇ ಕುಸ್ತಿ ಹಿಡಿಯಲಾಗದು.

ಆ ಮೊದಲ ತಿಂಗಳುಗಳ ಮುಚ್ಚುಗಡೆಯನ್ನು ನಾನು ಟೀಕಿಸಲಾರೆ. ರೋಗದ ಬಗೆ ತಿಳಿಯದಿದ್ದಾಗ ಬಾಗಿಲು ಹಾಕಿಕೊಳ್ಳುವುದೇ ವಿವೇಕ. ಆದರೆ ಮುಚ್ಚಿದ ಬಾಗಿಲಿಗೆ ತೆರಬೇಕಾದ ಬೆಲೆಯನ್ನು ಯಾರು ತೆರುತ್ತಾರೆಂಬ ಲೆಕ್ಕವನ್ನು ನಾವು ಇಡಲಿಲ್ಲ. ನಮ್ಮಂಥ ವಯಸ್ಸಾದವರಿಗೆ ಎರಡು ವರ್ಷ ಸುಮ್ಮನೆ ಕುಳಿತರೆ ಎರಡು ವರ್ಷ ಹೋಯಿತು, ಅಷ್ಟೆ. ಶಾಲಾ ಕ್ರೀಡೆಗಳಾದರೋ ಹದಿನಾಲ್ಕರ ಒಳಗಿನವರು, ಹದಿನೇಳರ ಒಳಗಿನವರು, ಹತ್ತೊಂಬತ್ತರ ಒಳಗಿನವರು ಎಂದು ವಯಸ್ಸಿನ ಮೇಲೆಯೇ ನಿಂತಿವೆ. ೨೦೨೦ರಲ್ಲಿ ಹನ್ನೆರಡೂವರೆ ವರ್ಷವಿದ್ದ ಹುಡುಗಿಗೆ ೨೦೨೨ರಲ್ಲಿ ಹದಿನಾಲ್ಕೂವರೆ. ಅವಳು ಒಮ್ಮೆಯೂ ಆಡದೆಯೇ ಒಂದು ವರ್ಗವನ್ನು ದಾಟಿ ಹೋದಳು. ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ ಏರುವ ಮೆಟ್ಟಿಲುಗಳಲ್ಲಿ ಮೊದಲನೆಯದೇ ಅವಳಿಗೆ ಇಲ್ಲವಾಯಿತು. ಕ್ರೀಡಾ ಮೀಸಲಾತಿಯ ಒಂದು ಸೀಟು, ಕ್ರೀಡಾ ವಸತಿನಿಲಯದ ಒಂದು ಜಾಗ, ಇವನ್ನು ನಂಬಿದ ಬಡವರ ಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ. ಹಾಲಿನ ಹಲ್ಲಿನಂತೆ ಈ ವಯಸ್ಸು ಕೂಡ. ಒಮ್ಮೆ ಬಿದ್ದರೆ ಮತ್ತೆ ಅದೇ ಬರುವುದಿಲ್ಲ.

ಇನ್ನು ಪರೀಕ್ಷೆಯ ವಿಷಯ. ೨೦೨೧ರಲ್ಲಿ ಮಹಾರಾಷ್ಟ್ರ ಮತ್ತು ಕೇರಳಗಳಿಂದ ಕರ್ನಾಟಕಕ್ಕೆ ಬರುವವರು ಎಪ್ಪತ್ತೆರಡು ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ತೋರಿಸಬೇಕಾಗಿತ್ತು. ಕಾಗದದ ಮೇಲೆ ಇದು ಎಲ್ಲರಿಗೂ ಸಮನಾದ ನಿಯಮ. ಆದರೆ ನಮ್ಮ ಸೀಮೆಯ ಪೈಲವಾನರಿಗೆ ಕೊಲ್ಲಾಪುರವೆಂದರೆ ಪರರಾಜ್ಯವಲ್ಲ. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಕೇಳಿಯೇ ಇಲ್ಲಿನ ಹುಡುಗರು ತೊಡೆ ತಟ್ಟುವುದು. ಅಲ್ಲಿನ ತಾಲೀಮುಗಳಲ್ಲಿ ಉಳಿದು ಮಣ್ಣು ಹೊರುವ ಕನ್ನಡದ ಹುಡುಗರು ಎಷ್ಟೋ. ಅವರಿಗೆ ನಿಪ್ಪಾಣಿಯ ಆಚೆಯ ಕೊಗನೊಳ್ಳಿ ತಪಾಸಣಾ ಠಾಣೆ ಮನೆಗೂ ಗರಡಿಗೂ ನಡುವಣ ಗೋಡೆಯಾಯಿತು. ತೆಂಕಣ ತುದಿಯಲ್ಲಿ ಕಾಸರಗೋಡಿನ ನಮ್ಮ ಕನ್ನಡ ವಿದ್ಯಾರ್ಥಿಗಳ ಪಾಡೂ ಅದೇ. ದಿನವೂ ತಲಪಾಡಿ ದಾಟಿ ಮಂಗಳೂರಿಗೆ ಕಲಿಯಲು ಬರುವವರು ಹದಿನೈದು ದಿನಕ್ಕೊಮ್ಮೆ ಮೂಗಿನ ದ್ರವ ಕೊಟ್ಟು ವರದಿ ಹಿಡಿದುಕೊಳ್ಳಬೇಕಾಯಿತು.

ನಮ್ಮ ಓಣಿಯ ಹುಡುಗನೊಬ್ಬ ಕಬಡ್ಡಿಯಲ್ಲಿ ಒಳ್ಳೆಯ ಹೆಸರು ತೆಗೆದವನು. ೨೦೨೧ರಲ್ಲಿ ದೂರದ ಊರೊಂದರಲ್ಲಿ ಆಟಗಾರರ ಆಯ್ಕೆ ಏರ್ಪಟ್ಟಿತ್ತು. ಅವನಿಗೂ ಎಪ್ಪತ್ತೆರಡು ಗಂಟೆಗಳೊಳಗಿನ ವರದಿ ಬೇಕೆಂದರು. ಹುಡುಗ ಮಾದರಿ ಕೊಟ್ಟು ಬಂದ. ವರದಿ ಕೈಗೆ ಬಂದದ್ದು ನಾಲ್ಕನೆಯ ದಿನ. ವರದಿಯಲ್ಲಿ ಸೋಂಕಿಲ್ಲವೆಂದೇ ಇತ್ತು; ಆದರೆ ವರದಿಗೇ ಅವಧಿ ಮೀರಿತ್ತು. “ಅಜ್ಜಾರ, ನಾ ಆರಾಮದೀನಿ ಅಂತ ಕಾಗದ ಬಂದೈತ್ರಿ, ಆದ್ರ ಅದು ಹಳೇದ ಆಗೇತ್ರಿ” ಎಂದು ನನಗೆ ಹೇಳಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು. ಪ್ರಯೋಗಾಲಯ ಹತ್ತಿರವಿರುವ ನಗರದ ಹುಡುಗನಿಗೆ ಆ ಎಪ್ಪತ್ತೆರಡು ಗಂಟೆ ಸುಲಭದ ಗೆರೆ. ತುಕ್ಕಾನಟ್ಟಿಯ ಹುಡುಗನಿಗೆ ಅದೇ ಗೆರೆ ಹಾರಲಾಗದ ಹಳ್ಳ. ಸಮಾನವಾದ ಅಕ್ಷರ ಅಸಮಾನವಾದ ನೆಲದ ಮೇಲೆ ಬಿದ್ದಾಗ ಅದು ಸಮಾನವಾಗಿ ಉಳಿಯುವುದಿಲ್ಲ.

ಲಸಿಕೆಯ ಕಾಲಪಟ್ಟಿಯನ್ನೂ ಸ್ವಲ್ಪ ನೋಡಬೇಕು. ೨೦೨೧ರ ಜನವರಿ ೧೬ರಂದು ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಆರಂಭವಾಯಿತು. ಮಾರ್ಚ್‌ನಲ್ಲಿ ಅರವತ್ತು ದಾಟಿದವರಿಗೆ, ಮೇ ತಿಂಗಳಲ್ಲಿ ಹದಿನೆಂಟು ದಾಟಿದವರಿಗೆ ಅವಕಾಶವಾಯಿತು. ಹದಿನೈದರಿಂದ ಹದಿನೆಂಟರ ವರೆಗಿನವರಿಗೆ ಕೊವ್ಯಾಕ್ಸಿನ್ ದೊರೆತದ್ದು ೨೦೨೨ರ ಜನವರಿ ೩ರಿಂದ. ಹನ್ನೆರಡರಿಂದ ಹದಿನಾಲ್ಕರ ಮಕ್ಕಳಿಗೆ ಕೊರ್ಬೆವ್ಯಾಕ್ಸ್ ದೊರೆತದ್ದು ಅದೇ ಮಾರ್ಚ್ ೧೬ರಿಂದ. ರೋಗದಿಂದ ಹೆಚ್ಚು ಅಪಾಯವಿದ್ದದ್ದು ವಯಸ್ಸಾದವರಿಗೆ. ಆದ್ದರಿಂದ ಈ ಕ್ರಮ ಸರಿಯೇ. ಆದರೆ ಇದರ ಅರ್ಥವೇನು? ಸುಮಾರು ಒಂದು ವರ್ಷ ಕಾಲ ನಮ್ಮ ಹುಡುಗ ಹುಡುಗಿಯರು ಬೇಕೆಂದರೂ ಲಸಿಕೆ ಪಡೆಯುವಂತಿರಲಿಲ್ಲ.

ಆ ನಡುವೆ, ೨೦೨೧ರ ಡಿಸೆಂಬರ್ ೨ರಂದು, ಓಮಿಕ್ರಾನ್ ಎಂಬ ರೂಪಾಂತರದ ದೇಶದ ಮೊದಲ ಎರಡು ಪ್ರಕರಣಗಳು ಕರ್ನಾಟಕದಲ್ಲಿಯೇ ಪತ್ತೆಯಾದವು. ಮರುದಿನ ಸರಕಾರ ಹೊರಡಿಸಿದ ಸೂಚನೆಗಳಲ್ಲಿ ಒಂದು ಹೀಗಿತ್ತು: ಶಾಲೆ ಕಾಲೇಜುಗಳಿಗೆ ಬರುವ ಹದಿನೆಂಟರ ಒಳಗಿನ ಮಕ್ಕಳ ತಂದೆತಾಯಿಗಳು ಎರಡೂ ಡೋಸು ಪಡೆದಿರಬೇಕು. ಈ ಸೂಚನೆಯಲ್ಲಿ ಒಂದು ಒಳ್ಳೆಯ ತಿಳಿವಳಿಕೆಯೂ ಇತ್ತು, ಒಂದು ತೊಡಕೂ ಇತ್ತು. ಮಗುವಿನ ರಕ್ಷಣೆ ಅದರ ಸುತ್ತಲಿನ ಹಿರಿಯರಿಂದ ಮೊದಲಾಗಬೇಕು ಎಂಬುದು ತಿಳಿವಳಿಕೆ. ತಂದೆ ಲಸಿಕೆ ಹಾಕಿಸಿಕೊಳ್ಳದಿದ್ದರೆ ಹೊರಗುಳಿಯಬೇಕಾದದ್ದು ಮಗು ಎಂಬುದು ತೊಡಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಇಂಥ ತೊಡಕು ನಮ್ಮಲ್ಲಿ ಮಾತ್ರವೇ ಬಂತೆಂದು ತಿಳಿಯಬೇಕಾಗಿಲ್ಲ. ೨೦೨೨ರ ಜನವರಿಯಲ್ಲಿ ವೆಸ್ಟ್ ಇಂಡೀಸಿನಲ್ಲಿ ಹತ್ತೊಂಬತ್ತರೊಳಗಿನವರ ವಿಶ್ವಕಪ್ ಕ್ರಿಕೆಟ್ ನಡೆಯಿತು. ಭಾರತದ ಹುಡುಗರು ಪೋರ್ಟ್ ಆಫ್ ಸ್ಪೇನ್ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಲಸಿಕೆಯಾಗಿಲ್ಲವೆಂಬ ಕಾರಣಕ್ಕೆ ಏಳು ಮಂದಿಯನ್ನು ತಡೆದು, ಬಂದ ದಾರಿಯಲ್ಲೇ ಹಿಂದಿರುಗುವಂತೆ ಹೇಳಿದರೆಂದು ತಂಡದ ವ್ಯವಸ್ಥಾಪಕರು ಬಳಿಕ ತಿಳಿಸಿದರು. ನಮ್ಮಲ್ಲಿ ಹದಿನೆಂಟು ತುಂಬದವರಿಗೆ ಲಸಿಕೆ ಮೊದಲಾದದ್ದೇ ಆ ತಿಂಗಳಲ್ಲಿ ಎಂದು ಅಲ್ಲಿಯವರಿಗೆ ವಿವರಿಸಿ ಹೇಳಬೇಕಾಯಿತು. ದೊಡ್ಡವರು ಮಧ್ಯೆ ಪ್ರವೇಶಿಸಿದ ಮೇಲೆ ದಾರಿ ಬಿಟ್ಟರು. ಮುಂದೆ ಐರ್ಲೆಂಡಿನ ಎದುರಿನ ಪಂದ್ಯದ ಹೊತ್ತಿಗೆ ನಾಯಕ ಯಶ್ ಧುಲ್, ಉಪನಾಯಕ ಶೇಖ್ ರಶೀದ್ ಮೊದಲಾದವರನ್ನು ಪ್ರತ್ಯೇಕವಾಗಿ ಇರಿಸಬೇಕಾಯಿತು. ಅಂಗಳಕ್ಕಿಳಿಯಲು ಸರಿಯಾಗಿ ಹನ್ನೊಂದೇ ಮಂದಿ ಉಳಿದರು. ಆ ಹನ್ನೊಂದು ಮಂದಿ ಗೆದ್ದರು. ಗುಣವಾಗಿ ಮರಳಿ ಬಂದವರೂ ಸೇರಿ ಫೆಬ್ರವರಿ ೫ರಂದು ಕಪ್ಪನ್ನೇ ಗೆದ್ದರು. ನ್ಯೂಜಿಲೆಂಡಿನ ಹುಡುಗರಿಗೆ ಅಷ್ಟೂ ಆಗಲಿಲ್ಲ. ಮರಳಿ ಊರಿಗೆ ಬಂದಾಗ ಅಪ್ರಾಪ್ತ ವಯಸ್ಕರಿಗಿದ್ದ ಕ್ವಾರಂಟೈನಿನ ಕಟ್ಟುಪಾಡಿನಿಂದಾಗಿ ಆ ದೇಶ ಪಂದ್ಯಾವಳಿಯಿಂದಲೇ ಹಿಂದೆ ಸರಿಯಿತು. ಆ ಸ್ಥಾನಕ್ಕೆ ಸ್ಕಾಟ್ಲೆಂಡ್ ಬಂದಿತು.

ಅದೇ ಜನವರಿಯಲ್ಲಿ ಟೆನ್ನಿಸ್ ಆಟಗಾರ ಜೊಕೊವಿಚ್ ಲಸಿಕೆ ಹಾಕಿಸಿಕೊಳ್ಳದೆ ಆಸ್ಟ್ರೇಲಿಯಕ್ಕೆ ಹೋಗಿ, ಅಲ್ಲಿಂದ ಹೊರಹಾಕಲ್ಪಟ್ಟ ಸುದ್ದಿಯನ್ನು ಜಗತ್ತೆಲ್ಲ ಓದಿತು. ಆದರೆ ಆತ ಪ್ರಾಯಕ್ಕೆ ಬಂದ ಮನುಷ್ಯ. ಲಸಿಕೆ ಬೇಡವೆಂದದ್ದು ಆತನದೇ ಆಯ್ಕೆ, ಅದರ ಫಲವೂ ಆತನದೇ. ವಿಮಾನ ನಿಲ್ದಾಣದಲ್ಲಿ ನಿಂತ ನಮ್ಮ ಹುಡುಗರದು ಹಾಗಲ್ಲ. ಈ ಎರಡು ಸಂದರ್ಭಗಳ ನಡುವಣ ಅಂತರವನ್ನು ಮರೆತ ನಿಯಮ ನ್ಯಾಯವಾಗಲಾರದು.

ಹಾಗೆಂದರೆ ನಿಯಮವೇ ಬೇಡವೆ? ಹಾಗೆ ನಾನು ಹೇಳಲಾರೆ. ನಮ್ಮ ಹಳ್ಳಿಗಳ ಮನೆಗಳಲ್ಲಿ ಮೊಮ್ಮಗ ಮಲಗುವುದು ಅಜ್ಜಿಯ ಮಗ್ಗುಲಲ್ಲಿ. ಮೈದಾನದಿಂದ ಅವನು ಹೊತ್ತು ತಂದ ಸೋಂಕು ಅವನಿಗೆ ಎರಡು ದಿನದ ಕೆಮ್ಮಾಗಿ ಹೋದರೆ, ಅವಳಿಗೆ ಪ್ರಾಣಾಂತಿಕವಾಗಬಹುದು. ೨೦೨೧ರ ಬೇಸಿಗೆಯಲ್ಲಿ ನಮ್ಮ ಊರುಗಳು ಕಂಡ ಸಾವುಗಳನ್ನು ಬಲ್ಲ ಯಾರೂ ಆಟದ ಹೆಸರಿನಲ್ಲಿ ಎಚ್ಚರಗೇಡಿಗಳಾಗಿರಿ ಎನ್ನಲಾರರು. ಅದೇ ವರ್ಷದ ನವೆಂಬರಿನಲ್ಲಿ ಧಾರವಾಡದ ವೈದ್ಯಕೀಯ ಮಹಾವಿದ್ಯಾಲಯವೊಂದರಲ್ಲಿ ಸಮಾರಂಭವೊಂದರ ತರುವಾಯ ಸುಮಾರು ಮುನ್ನೂರು ಮಂದಿಗೆ ಸೋಂಕು ತಗಲಿತು. ಅವರಲ್ಲಿ ಬಹುತೇಕರು ಎರಡೂ ಡೋಸು ಪಡೆದವರು. ಬಹುತೇಕರಿಗೆ ರೋಗದ ಲಕ್ಷಣಗಳೂ ಇರಲಿಲ್ಲ. ಲಸಿಕೆ ರೋಗದ ಉಗ್ರತೆಯನ್ನು ತಗ್ಗಿಸುತ್ತದೆ, ಜೀವವನ್ನು ಉಳಿಸುತ್ತದೆ. ಸೋಂಕನ್ನು ಪೂರ್ತಿಯಾಗಿ ತಡೆಯುವುದಿಲ್ಲ.

ಪರೀಕ್ಷೆಗೂ ಅದರದೇ ಮಿತಿಯುಂಟು. ಆರ್‌ಟಿ-ಪಿಸಿಆರ್ ಬಹಳ ಸೂಕ್ಷ್ಮವಾದದ್ದು. ಸೋಂಕು ಹರಡುವ ಕಾಲ ಮುಗಿದ ಮೇಲೂ ಉಳಿದ ಚೂರುಪಾರನ್ನು ಅದು ಹಿಡಿದು ತೋರಿಸಬಲ್ಲದು. ಅರ್ಧ ಗಂಟೆಯಲ್ಲಿ ಫಲ ಕೊಡುವ ಆಂಟಿಜನ್ ಪರೀಕ್ಷೆ ಅಷ್ಟು ಸೂಕ್ಷ್ಮವಲ್ಲ. ಆದರೆ ಮೈಯಲ್ಲಿ ವೈರಾಣು ಹೆಚ್ಚಾಗಿದ್ದಾಗ ಅದನ್ನು ಸ್ಥಳದಲ್ಲಿಯೇ ಹಿಡಿಯಬಲ್ಲದು. ಮೂರು ದಿನ ಹಳೆಯದಾದ ವರದಿ ಹೇಳುವುದು ಮೂರು ದಿನದ ಹಿಂದಿನ ಸುದ್ದಿಯನ್ನು ಮಾತ್ರ. ಪಂದ್ಯದ ಮುಂಜಾನೆ ಅಂಗಳದ ಬದಿಯಲ್ಲಿಯೇ, ಏರ್ಪಡಿಸಿದವರ ಖರ್ಚಿನಲ್ಲಿ, ಆಂಟಿಜನ್ ಪರೀಕ್ಷೆ ಮಾಡಿದ್ದರೆ ನಮ್ಮ ಓಣಿಯ ಹುಡುಗ ಆಡುತ್ತಿದ್ದ. ಸೋಂಕಿದ್ದವನು ಯಾರಾದರೂ ಇದ್ದರೆ ಸಿಕ್ಕಿಬೀಳುವ ಸಂಭವವೂ ಹೆಚ್ಚಾಗಿರುತ್ತಿತ್ತು. ವಿಜ್ಞಾನವೂ ನ್ಯಾಯವೂ ಇಲ್ಲಿ ಒಂದೇ ದಾರಿ ತೋರುತ್ತವೆ.

ನಮ್ಮ ಸರ್ವೋಚ್ಚ ನ್ಯಾಯಾಲಯ ೨೦೨೨ರ ಮೇ ೨ರಂದು ಕೊಟ್ಟ ತೀರ್ಪಿನಲ್ಲೂ ಈ ತೂಕವನ್ನೇ ಕಾಣುತ್ತೇವೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಅವರವರ ದೇಹ ಅವರವರದು ಎಂದು ಅದು ಹೇಳಿತು. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಸರಕಾರ ನಿರ್ಬಂಧಗಳನ್ನು ತರಬಹುದೆಂದೂ ಹೇಳಿತು. ಆದರೆ ನಿರ್ಬಂಧ ಅಪಾಯದ ಪ್ರಮಾಣಕ್ಕೆ ತಕ್ಕಷ್ಟೇ ಇರಬೇಕು, ಅಪಾಯ ತಗ್ಗಿದಾಗ ಅದೂ ತಗ್ಗಬೇಕು. ಮಕ್ಕಳಿಗೆ ಲಸಿಕೆ ಹಾಕುವ ಸರಕಾರದ ನೀತಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ತಕ್ಕಡಿಯ ಎರಡು ತಟ್ಟೆಗಳನ್ನೂ ನೋಡಿದ ತೀರ್ಪು ಇದು.

ಇಷ್ಟೆಲ್ಲ ನೋಡಿದ ಮೇಲೆ, ಮುಂದೆ ಎಂದಾದರೂ ಇಂಥ ಕಾಲ ಬಂದರೆ ನಾವು ನೆನಪಿಡಬೇಕಾದ ನಾಲ್ಕು ಮಾತುಗಳನ್ನು ಹೇಳುತ್ತೇನೆ. ಒಂದನೆಯದು, ಮಗುವಿನ ಕೈಯಲ್ಲಿ ಇಲ್ಲದ್ದನ್ನು ಮಗುವಿನಿಂದ ಕೇಳಬಾರದು. ಲಸಿಕೆಯ ಶರತ್ತು ಮೊದಲು ಅನ್ವಯವಾಗಬೇಕಾದದ್ದು ತರಬೇತುದಾರನಿಗೆ, ಪಂಚನಿಗೆ, ಕ್ರೀಡಾ ಶಿಕ್ಷಕನಿಗೆ, ಅಡುಗೆಯವನಿಗೆ, ಬಸ್ಸಿನ ಚಾಲಕನಿಗೆ. ಎರಡನೆಯದು, ಶರತ್ತನ್ನು ವಿಧಿಸುವವನೇ ಅದನ್ನು ಪೂರೈಸುವ ಸಾಧನವನ್ನೂ ಒದಗಿಸಬೇಕು. ಲಸಿಕೆಯ ಪೆಟ್ಟಿಗೆ ಮತ್ತೆ ಶಾಲೆಗೆ ಬರಲಿ. ಪರೀಕ್ಷೆ ಅಂಗಳಕ್ಕೆ ಬರಲಿ. ಮೂರನೆಯದು, ಸೋಂಕು ತಗಲಿದ ಆಟಗಾರ ಅಪರಾಧಿಯಲ್ಲ. ಅವನು ಗುಣವಾಗಿ, ವೈದ್ಯರ ಮಾತಿನಂತೆ ಮೆಲ್ಲನೆ ಅಭ್ಯಾಸಕ್ಕೆ ಮರಳುವಾಗ, ಅವನ ಸ್ಥಾನ ಅವನಿಗಾಗಿ ಕಾದಿರಬೇಕು. ಇಲ್ಲವಾದರೆ ಹುಡುಗರು ಜ್ವರವನ್ನು ಮುಚ್ಚಿಡಲು ಕಲಿಯುತ್ತಾರೆ. ಮುಚ್ಚಿಟ್ಟ ಜ್ವರಕ್ಕಿಂತ ದೊಡ್ಡ ಅಪಾಯವಿಲ್ಲ. ನಾಲ್ಕನೆಯದು, ಕಳೆದುಹೋದ ವರ್ಷಕ್ಕೆ ಪರಿಹಾರವಿರಬೇಕು. ಕೂಟಗಳು ನಡೆಯದ ವರ್ಷಗಳಷ್ಟು ವಯೋಮಿತಿಯನ್ನು ಒಮ್ಮೆ ಸಡಿಲಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಬೆಂಗಳೂರಿನಲ್ಲಿ ೨೦೨೨ರ ಏಪ್ರಿಲ್ ೨೪ರಿಂದ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ‘೨೦೨೧’ ಎಂಬ ಹೆಸರಿನಲ್ಲಿಯೇ ನಡೆಯಿತಷ್ಟೆ. ಕೂಟದ ಹೆಸರಿಗೆ ಸಲ್ಲುವ ರಿಯಾಯಿತಿ ಆಟಗಾರನ ವಯಸ್ಸಿಗೂ ಸಲ್ಲಬೇಕು.

ಕೊನೆಯದಾಗಿ, ನಿಯಮವನ್ನು ಎಳೆಯರ ಮೇಲೆ ಹೇರುವುದಕ್ಕಿಂತ ಅವರ ಕೈಗೇ ಕೊಡುವುದು ಮೇಲು. ವೈದ್ಯರಾಗಿದ್ದ ನಾ. ಸು. ಹರ್ಡೀಕರರು ೧೯೨೩ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ ತರುಣರಿಗೆ ಕವಾಯತು ಕಲಿಸಿದರು. ನಮ್ಮ ಊರಿಗೆ ದೂರವಲ್ಲದ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದೊಡನೆಯೂ ಅವರ ಹೆಸರು ಬೆಸೆದುಕೊಂಡಿದೆ. ಮೈಯ ಕಸುವು, ಊರಿನ ಆರೋಗ್ಯ, ಸಮೂಹದ ಶಿಸ್ತು ಇವು ಬೇರೆ ಬೇರೆಯಲ್ಲವೆಂದು ಆ ತಲೆಮಾರು ತಿಳಿದಿತ್ತು. ತಂಡದ ನಾಯಕಿಯಾದ ಹುಡುಗಿಯ ಕೈಗೆ ಉಷ್ಣಮಾಪಕವನ್ನೂ ಒಂದು ವಹಿಯನ್ನೂ ಕೊಟ್ಟು ನೋಡಿ. ಯಾರು ಕೆಮ್ಮಿದರು, ಯಾರ ಮನೆಯಲ್ಲಿ ವೃದ್ಧರಿದ್ದಾರೆ, ಯಾರು ಇಂದು ಆಡದಿರುವುದು ಒಳ್ಳೆಯದು ಎಂಬುದನ್ನು ಅವಳು ಯಾವ ಅಧಿಕಾರಿಗಿಂತಲೂ ಚೆನ್ನಾಗಿ ಬಲ್ಲಳು. ಅಜ್ಜಿಯನ್ನು ಲಸಿಕೆಗೆ ಒಪ್ಪಿಸುವ ಮಾತುಗಾರಿಕೆಯೂ ಮೊಮ್ಮಕ್ಕಳಲ್ಲಿರುವಷ್ಟು ಸರಕಾರದ ಜಾಹೀರಾತಿನಲ್ಲಿಲ್ಲ.

ಗೆರೆ ಎಳೆಯುವ ಅಧಿಕಾರ ಹಿರಿಯರಿಗಿದೆ. ಆದರೆ ಆ ಗೆರೆಯೊಳಗೆ ನಿಂತು ಆಡಬೇಕಾದವರು ಎಳೆಯರು. ಎಳೆಯುವ ಮುನ್ನ ಒಮ್ಮೆ ಬಗ್ಗಿ, ಅವರ ಎತ್ತರದಿಂದ ನೆಲವನ್ನು ನೋಡುವ ಸೌಜನ್ಯವನ್ನಾದರೂ ನಾವು ತೋರಿಸೋಣ.